ಭಾರತದಲ್ಲಿ ವಿದೇಶಿ ಮೋಟಾರ್‌ಸೈಕಲ್: ಮಾರಾಟದಿಂದ ರಿಪೇರಿಯವರೆಗೆ

ಭಾರತಕ್ಕೆ ಮೋಟಾರ್‌ಸೈಕಲ್ ಬಂದದ್ದು ಹಡಗಿನ ಸರಕಾಗಿ. 20ನೆಯ ಶತಮಾನದ ಮೊದಲ ಅರ್ಧದಲ್ಲಿ ಇಲ್ಲಿ ಓಡುತ್ತಿದ್ದ ಬೈಕುಗಳು ಪರದೇಶದ ಕಾರ್ಖಾನೆಗಳವು. ಬರ್ಮಿಂಗ್‌ಹ್ಯಾಮ್‌ನ ಬಿಎಸ್‌ಎ ಮತ್ತು ನಾರ್ಟನ್, ಕೊವೆಂಟ್ರಿಯ ಟ್ರಯಂಫ್, ರೆಡಿಚ್‌ನ ರಾಯಲ್ ಎನ್‌ಫೀಲ್ಡ್, ಲಂಡನ್ನಿನ ಮ್ಯಾಚ್‌ಲೆಸ್ ಇವುಗಳಲ್ಲಿ ಮುಖ್ಯವಾದವು. ಅಮೆರಿಕದ ಹಾರ್ಲೆ-ಡೇವಿಡ್‌ಸನ್ ಕೂಡ ಅಲ್ಲಲ್ಲಿ ಕಾಣುತ್ತಿತ್ತು. ಇವುಗಳ ಮಾರಾಟದ ಹಕ್ಕು ಮುಂಬಯಿ, ಕಲ್ಕತ್ತ, ಮದ್ರಾಸಿನಂಥ ಬಂದರು ನಗರಗಳ ಏಜೆಂಟರ ಕೈಯಲ್ಲಿತ್ತು. ಒಳನಾಡಿನ ಪಟ್ಟಣಗಳಿಗೆ ಬೈಕು ತಲುಪುತ್ತಿದ್ದುದು ಅವರ ಮೂಲಕ. ಸೇನಾಧಿಕಾರಿಗಳು, ಪೊಲೀಸ್ ಇಲಾಖೆ, ತೋಟದ ಮಾಲೀಕರು, ಸರ್ಕಾರಿ ಎಂಜಿನಿಯರುಗಳು ಮುಖ್ಯ ಗಿರಾಕಿಗಳು.

ಬೈಕು ಮಾರುವುದು ಏಜೆಂಟನಿಗೆ ಸುಲಭದ ಕೆಲಸವಾಗಿತ್ತು. ಕಷ್ಟ ಶುರುವಾಗುತ್ತಿದ್ದುದು ಮಾರಿದ ಮೇಲೆ. ಪಿಸ್ಟನ್, ರಿಂಗು, ವಾಲ್ವು, ಚೈನು, ಕ್ಲಚ್ ಪ್ಲೇಟು, ಕೇಬಲ್ಲು ಸವೆಯುವ ವಸ್ತುಗಳು. ಯಾವುದು ಎಷ್ಟು ಬೇಕಾದೀತೆಂದು ಮುಂಚೆಯೇ ಅಂದಾಜು ಮಾಡಿ ತರಿಸಿಟ್ಟುಕೊಂಡರೆ ಬಂಡವಾಳ ಕಪಾಟಿನಲ್ಲೇ ಕೂತುಬಿಡುತ್ತಿತ್ತು. ತರಿಸದಿದ್ದರೆ ಕಂಪನಿಯ ಪಾರ್ಟ್ಸ್ ಪುಸ್ತಕ ನೋಡಿ, ಭಾಗದ ನಂಬರು ಬರೆದು, ಇಂಗ್ಲೆಂಡಿಗೆ ಕಾಗದ ಹಾಕಿ, ಹಡಗು ಬರುವವರೆಗೆ ಕಾಯಬೇಕಿತ್ತು. ಕಂಪನಿಗಳು ಆಗಾಗ ಮಾದರಿ ಬದಲಿಸುತ್ತಿದ್ದುದರಿಂದ ಹೋದ ವರ್ಷ ತರಿಸಿದ ಭಾಗ ಈ ವರ್ಷದ ಬೈಕಿಗೆ ಕೂರದಿರುವುದೂ ಉಂಟು. ಆಮದು ಬೈಕುಗಳ ನೂರು ವರ್ಷದ ಚರಿತ್ರೆಯಲ್ಲಿ ಈ ತೊಡಕು ಬೇರೆ ಬೇರೆ ರೂಪದಲ್ಲಿ ಮರಳಿ ಬಂದಿದೆ. ಒಂದು ಬ್ರ್ಯಾಂಡ್ ಇಲ್ಲಿ ಉಳಿಯಿತೇ ಅಳಿಯಿತೇ ಎಂಬುದನ್ನು ನಿರ್ಧರಿಸಿದ್ದು ಷೋರೂಮಿನ ಬೆಡಗಲ್ಲ. ಅದರ ಬಿಡಿಭಾಗ ಮತ್ತು ಅದನ್ನು ಬಿಚ್ಚಿ ಕಟ್ಟಬಲ್ಲ ಕೈ ಈ ನೆಲದಲ್ಲಿ ಬೇರು ಬಿಟ್ಟವೇ ಎಂಬುದು.

ಇಂಚಿನ ಪಾನಾಗಳ ಕಾಲ

ಬ್ರಿಟಿಷ್ ಬೈಕುಗಳ ನಟ್ಟು ಬೋಲ್ಟುಗಳು ವಿಟ್‌ವರ್ತ್ ಮತ್ತು ಬ್ರಿಟಿಷ್ ಸೈಕಲ್ ತ್ರೆಡ್ಡಿನ ಇಂಚಿನ ಅಳತೆಯವು. ವಿಟ್‌ವರ್ತ್ ಪಾನಾದ ಮೇಲೆ ಬರೆದಿರುವ ಸಂಖ್ಯೆ ಪಾನಾದ ಬಾಯಿಯ ಅಗಲವನ್ನಲ್ಲ, ಬೋಲ್ಟಿನ ವ್ಯಾಸವನ್ನು ಸೂಚಿಸುತ್ತದೆ. ಆದ್ದರಿಂದ ಅಮೆರಿಕನ್ ಇಂಚಿನ ಪಾನಾ ಕೂಡ ಇವಕ್ಕೆ ಸರಿಯಾಗಿ ಹೊಂದುವುದಿಲ್ಲ. ಯುರೋಪಿನ ಮಿಲಿಮೀಟರ್ ಬೈಕುಗಳು ಬಂದಾಗ ಗ್ಯಾರೇಜುಗಳು ಮತ್ತೊಂದು ಸೆಟ್ಟು ಪಾನಾ, ಮತ್ತೊಂದು ಸೆಟ್ಟು ಟ್ಯಾಪ್ ಇಟ್ಟುಕೊಳ್ಳಬೇಕಾಯಿತು. ವಿದ್ಯುತ್ ಭಾಗದಲ್ಲಿ ಲೂಕಸ್‌ನ ಮ್ಯಾಗ್‌ಡೈನೊ, ಇಂಧನಕ್ಕೆ ಅಮಲ್ ಕಾರ್ಬ್ಯುರೇಟರ್ ಇರುತ್ತಿದ್ದವು. ಇವು ಬೈಕ್ ಕಂಪನಿಯ ತಯಾರಿಕೆಗಳಲ್ಲ, ಬೇರೆ ಪೂರೈಕೆದಾರರವು. ಹೀಗಾಗಿ ಒಂದು ಬೈಕನ್ನು ಸುಸ್ಥಿತಿಯಲ್ಲಿಡಲು ಏಜೆಂಟ ಹಲವು ಕಂಪನಿಗಳ ಬಿಡಿಭಾಗವನ್ನು ಹೊಂದಿಸಬೇಕಿತ್ತು.

ಎರಡನೆಯ ಮಹಾಯುದ್ಧ ಈ ಚಿತ್ರವನ್ನು ಸ್ವಲ್ಪ ಬದಲಿಸಿತು. ಬ್ರಿಟಿಷ್ ಸೇನೆ ಬಳಸಿದ ಬಿಎಸ್‌ಎ ಎಂ20, ನಾರ್ಟನ್ 16ಎಚ್, ಮ್ಯಾಚ್‌ಲೆಸ್ ಜಿ3ಎಲ್ ಮುಂತಾದವು ಯುದ್ಧಾನಂತರ ಹೆಚ್ಚುವರಿ ಸರಕಾಗಿ ವಿಲೇವಾರಿಯಾಗಿ ಸಾರ್ವಜನಿಕರ ಕೈ ಸೇರಿದವು. ಸೇನೆಗಾಗಿ ಒಂದೇ ಮಾದರಿಯನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಿದ್ದರಿಂದ ಒಂದರ ಭಾಗ ಇನ್ನೊಂದಕ್ಕೆ ಒದಗುತ್ತಿತ್ತು. ಸೇನಾ ವರ್ಕ್‌ಷಾಪುಗಳಲ್ಲಿ ಪಳಗಿ ಹೊರಬಂದ ಫಿಟ್ಟರುಗಳು ನಾಗರಿಕ ಗ್ಯಾರೇಜುಗಳಿಗೆ ಕೈಗುಣ ತಂದರು.

ಲೈಸೆನ್ಸಿನ ಕಟ್ಟು

1947ರ ಆಮದು ಮತ್ತು ರಫ್ತು ನಿಯಂತ್ರಣ ಕಾಯ್ದೆಯ ನಂತರ ಹೊರಗಿನಿಂದ ಏನನ್ನೇ ತರಿಸಲು ಲೈಸೆನ್ಸು ಬೇಕಾಯಿತು. 1953ರಲ್ಲಿ ಸುಂಕ ಆಯೋಗ ವಾಹನೋದ್ಯಮದ ಬಗ್ಗೆ ಕೊಟ್ಟ ವರದಿಯನ್ನು ಆಧರಿಸಿ ಸರ್ಕಾರ ಒಂದು ನಿಲುವು ತಳೆಯಿತು: ಹಂತಹಂತವಾಗಿ ಇಲ್ಲಿಯೇ ತಯಾರಿಸುವ ಯೋಜನೆ ಇರುವ ಕಂಪನಿಗೆ ಮಾತ್ರ ಇಲ್ಲಿ ಜಾಗ, ಬರಿಯ ಜೋಡಣೆಗೆ ಇಲ್ಲ. ಕಾರು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಆಗ ಭಾರತದಿಂದ ಹೊರನಡೆದವು. 1957ರ ಹೊತ್ತಿಗೆ ವಿದೇಶಿ ವಿನಿಮಯದ ಬಿಕ್ಕಟ್ಟು ತಲೆದೋರಿ ಕಟ್ಟು ಇನ್ನೂ ಬಿಗಿಯಾಯಿತು.

ಇದರ ಬಿಸಿ ಹೊಸ ಬೈಕು ಕೊಳ್ಳುವವರಿಗಿಂತ ಹಳೆಯ ಬೈಕು ಇಟ್ಟುಕೊಂಡವರಿಗೆ ಹೆಚ್ಚು ತಟ್ಟಿತು. ಬಿಡಿಭಾಗದ ಆಮದಿಗೂ ಕೋಟಾ ಬಂದಿತ್ತು. ಕೊರತೆಯನ್ನು ತುಂಬಿದವು ಲೇತ್ ಅಂಗಡಿಗಳು. ಸಿಲಿಂಡರ್ ಸವೆದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುವುದು, ಸವೆದ ಶಾಫ್ಟಿಗೆ ಲೋಹ ತುಂಬಿಸಿ ಮತ್ತೆ ಕಡೆಯುವುದು, ಒಂದು ಕಂಪನಿಯ ಬೇರಿಂಗಿಗೆ ತಕ್ಕಂತೆ ಇನ್ನೊಂದು ಕಂಪನಿಯ ಹೌಸಿಂಗನ್ನು ತಿದ್ದುವುದು ಗ್ಯಾರೇಜಿನ ದಿನನಿತ್ಯದ ವಿದ್ಯೆಯಾಯಿತು. ಬೆಂಗಳೂರಿನ ಜೆ.ಸಿ. ರಸ್ತೆ, ಮದ್ರಾಸಿನ ಪುದುಪೇಟೆ, ಕಲ್ಕತ್ತದ ಮಲ್ಲಿಕ್ ಬಜಾರ್, ದೆಹಲಿಯ ಕರೋಲ್ ಬಾಗ್ ಹೊಸ ಭಾಗ, ನಕಲಿ ಭಾಗ, ಗುಜರಿ ಭಾಗಗಳ ಪೇಟೆಗಳಾಗಿ ಬೆಳೆದವು. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ, ಜರ್ಮನಿಯ ಬಾಷ್ ಸಹಯೋಗದ ಮೈಕೊ ಕಂಪನಿ ಸ್ಪಾರ್ಕ್ ಪ್ಲಗ್ ತಯಾರಿಸತೊಡಗಿದ್ದರಿಂದ ಅದೊಂದು ಭಾಗಕ್ಕಾದರೂ ಹೊರದೇಶದ ಕಡೆ ನೋಡುವುದು ತಪ್ಪಿತು.

ಲೈಸೆನ್ಸಿನ ಈ ಬಿಗಿಯಲ್ಲಿ ಏಜೆಂಟರ ಮುಂದೆ ಎರಡೇ ದಾರಿ ಇದ್ದವು: ಅಂಗಡಿ ಮುಚ್ಚುವುದು, ಇಲ್ಲವೆ ಕಾರ್ಖಾನೆ ತೆರೆಯುವುದು. ಎರಡನೆಯ ದಾರಿಯನ್ನು ಮೊದಲು ಹಿಡಿದದ್ದು ರಾಯಲ್ ಎನ್‌ಫೀಲ್ಡ್ ಮಾರುತ್ತಿದ್ದ ಮದ್ರಾಸ್ ಮೋಟಾರ್ಸ್. 1950ರ ದಶಕದ ಮೊದಲ ಅರ್ಧದಲ್ಲಿ ಭಾರತ ಸರ್ಕಾರ ಗಡಿ ಕಾವಲಿಗಾಗಿ 350 ಸಿಸಿಯ 800 ರಾಯಲ್ ಎನ್‌ಫೀಲ್ಡ್ ಬುಲೆಟ್‌ಗಳನ್ನು ಕೊಂಡಿತು. ಇಷ್ಟೊಂದು ಬೈಕುಗಳಿಗೆ ಗಡಿಯ ದುರ್ಗಮ ಪ್ರದೇಶಗಳಲ್ಲಿ ಬಿಡಿಭಾಗ ಒದಗಿಸುವ ಹೊಣೆಯನ್ನು ಹಡಗಿನ ಭರವಸೆಯ ಮೇಲೆ ಹೊರುವಂತಿರಲಿಲ್ಲ. 1955ರಲ್ಲಿ ರೆಡಿಚ್ ಕಂಪನಿ ಮತ್ತು ಮದ್ರಾಸ್ ಮೋಟಾರ್ಸ್ ಸೇರಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪಿಸಿದವು. ಮೊದಲು ಇಂಗ್ಲೆಂಡಿನಿಂದ ಬಂದ ಕಿಟ್‌ಗಳ ಜೋಡಣೆ ನಡೆಯಿತು. ನಂತರ ಅಚ್ಚು, ಜಿಗ್‌ಗಳನ್ನು ಕೊಂಡು ತಂದು ತಿರುವೊತ್ತಿಯೂರಿನ ಕಾರ್ಖಾನೆಯಲ್ಲಿ ಒಂದೊಂದೇ ಭಾಗದ ತಯಾರಿಕೆ ಶುರುವಾಯಿತು. 1962ರ ವೇಳೆಗೆ ಎಲ್ಲ ಭಾಗಗಳೂ ಇಲ್ಲಿಯೇ ತಯಾರಾಗುತ್ತಿದ್ದವು. 1967ರಲ್ಲಿ ರೆಡಿಚ್ ಕಾರ್ಖಾನೆ ಮುಚ್ಚಿತು, 1970ರಲ್ಲಿ ಬ್ರಿಟಿಷ್ ಕಂಪನಿಯೇ ಅಳಿಯಿತು. ತಾಯಿಬೇರು ಕಡಿದರೂ ಬುಲೆಟ್ ಬದುಕಿತು. ಅದೇ ಕಾಲಕ್ಕೆ ಬಿಎಸ್‌ಎ, ಮ್ಯಾಚ್‌ಲೆಸ್‌ಗಳ ಮೂಲ ಕಂಪನಿಗಳೂ ಕುಸಿದವು. ಇಲ್ಲಿ ಕಾರ್ಖಾನೆಯಿಲ್ಲದ ಆ ಬೈಕುಗಳು ಗುಜರಿಯ ಕೃಪೆಯಲ್ಲಿ ಉಳಿದವು.

ಮೈಸೂರಿನ ಜಾವಾ

ಎರಡನೆಯ ಮುಖ್ಯ ಪ್ರಯೋಗ ನಡೆದದ್ದು ಮೈಸೂರಿನಲ್ಲಿ. ಜಾವಾ ಚೆಕೊಸ್ಲೊವಾಕಿಯಾದ ಬೈಕು. ಫ್ರಾಂಟಿಷೆಕ್ ಯಾನೆಚೆಕ್ 1929ರಲ್ಲಿ ಸ್ಥಾಪಿಸಿದ ಕಂಪನಿ ಯುದ್ಧದ ನಂತರ ರಾಷ್ಟ್ರೀಕರಣಗೊಂಡಿತು. ಅದರ ರಫ್ತನ್ನು ನೋಡಿಕೊಳ್ಳುತ್ತಿದ್ದುದು ಮೊಟೊಕೊವ್ ಎಂಬ ಸರ್ಕಾರಿ ವಿದೇಶ ವ್ಯಾಪಾರ ಸಂಸ್ಥೆ. 1950ರ ದಶಕದಲ್ಲಿ ಮುಂಬಯಿಯ ಪಾರ್ಸಿ ಉದ್ಯಮಿಗಳಾದ ಇರಾನಿ ಕುಟುಂಬ ಜಾವಾವನ್ನು ಆಮದು ಮಾಡಿ ಮಾರುತ್ತಿತ್ತು. ಆಮದಿನ ದಾರಿ ಮುಚ್ಚಿದಾಗ ರುಸ್ತುಂ ಮತ್ತು ಫರ್ರೋಖ್ ಇರಾನಿ ಚೆಕ್ ಲೈಸೆನ್ಸು ಪಡೆದು ಐಡಿಯಲ್ ಜಾವಾ ಕಂಪನಿಯನ್ನು ಕಟ್ಟಿದರು. ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಎದ್ದಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದಕ್ಕೆ ಬೆಂಬಲವಾಗಿ ನಿಂತರು. 1960ರ ದಶಕದ ಆರಂಭದಲ್ಲಿ ಬೈಕುಗಳು ಹೊರಬಂದವು.

ಡಾಲರು, ಪೌಂಡುಗಳಿಗೆ ಬರವಿದ್ದ ಆ ಕಾಲದಲ್ಲಿ ಪೂರ್ವ ಯುರೋಪಿನ ದೇಶಗಳೊಂದಿಗೆ ರೂಪಾಯಿ ಲೆಕ್ಕದಲ್ಲಿ ವ್ಯಾಪಾರ ಮಾಡುವ ಏರ್ಪಾಡು ಭಾರತಕ್ಕಿತ್ತು. 1962ರಲ್ಲಿ ಎಸ್ಕಾರ್ಟ್ಸ್ ಹೊರತಂದ ರಾಜದೂತ್ ಕೂಡ ಪೋಲೆಂಡಿನ ಎಸ್‌ಎಚ್‌ಎಲ್ ಎಂ11 ಬೈಕಿನ ಲೈಸೆನ್ಸು ರೂಪ. ಬ್ರಿಟಿಷ್ ಬೈಕುಗಳ ನಾಡಿನಲ್ಲಿ ಚೆಕ್, ಪೋಲಿಷ್ ಎಂಜಿನ್ನುಗಳು ಮನೆಮಾತಾದುದರ ಹಿನ್ನೆಲೆಯಲ್ಲಿ ಈ ವ್ಯಾಪಾರ ಸಂಬಂಧವೂ ಇತ್ತು.

ಜಾವಾ ಇಲ್ಲಿನ ಮೆಕ್ಯಾನಿಕ್‌ಗಳಿಗೆ ಹೊಸ ಪಾಠವಾಗಿತ್ತು. ಬುಲೆಟ್ಟಿನಂತೆ ಇದು ಫೋರ್ ಸ್ಟ್ರೋಕ್ ಅಲ್ಲ, ವಾಲ್ವುಗಳಿಲ್ಲದ ಟೂ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಒಂದೇ ಲಿವರ್ ಕಿಕ್ಕರ್ ಆಗಿಯೂ ಗೇರ್ ಪೆಡಲ್ ಆಗಿಯೂ ಕೆಲಸ ಮಾಡುತ್ತಿತ್ತು. ಗೇರ್ ಒತ್ತಿದಾಗ ಕ್ಲಚ್ ತಾನಾಗಿ ಬಿಡಿಸಿಕೊಳ್ಳುವ ಏರ್ಪಾಡಿತ್ತು. ಅದರ ಹೊಂದಾಣಿಕೆ ತಪ್ಪಿದರೆ ಗೇರು ಬೀಳುವುದೇ ಕಷ್ಟ. ಕ್ರ್ಯಾಂಕನ್ನು ಒತ್ತಿ ಕೂರಿಸಿರುವುದರಿಂದ ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋದರೆ ಪ್ರೆಸ್ಸಿನಲ್ಲಿ ಬಿಡಿಸಿ, ಮತ್ತೆ ಕೂರಿಸಿ, ಎರಡೂ ಬದಿ ಒಂದೇ ಸಾಲಿನಲ್ಲಿ ತಿರುಗುವಂತೆ ನೋಡಬೇಕು. ಸುತ್ತಿಗೆ, ಉಳಿ ಹಿಡಿದು ಮಾಡುವ ಕೆಲಸ ಇದಲ್ಲ. ಕ್ಲಚ್ ಪುಲ್ಲರ್, ಸರ್ಕ್ಲಿಪ್ ಪ್ಲೈಯರ್, ಡಯಲ್ ಗೇಜು ಇಲ್ಲದ ಗ್ಯಾರೇಜು ಎಂಜಿನ್ನನ್ನು ಕೆಡಿಸುವ ಸಂಭವವೇ ಹೆಚ್ಚಾಗಿತ್ತು.

ತಯಾರಿಕೆಯನ್ನು ದೇಶೀಕರಿಸುವುದೂ ಒಂದು ಕಾರ್ಖಾನೆಯೊಳಗೆ ಮುಗಿಯುವ ಕೆಲಸವಾಗಿರಲಿಲ್ಲ. ಚೆಕ್ ಜಾವಾದ ಕಾರ್ಬ್ಯುರೇಟರ್ ಯಿಕೊವ್ ಕಂಪನಿಯದು, ವಿದ್ಯುತ್ ಸಾಮಗ್ರಿ ಪಿಎಎಲ್‌ನದು. ಇವಕ್ಕೆಲ್ಲ ಇಲ್ಲಿ ಸಮಾನ ಪೂರೈಕೆದಾರರನ್ನು ಹುಡುಕಬೇಕಿತ್ತು, ಇಲ್ಲವೆ ಹುಟ್ಟಿಸಬೇಕಿತ್ತು. ಎಚ್‌ಎಎಲ್, ಎಚ್‌ಎಂಟಿ, ಮೈಕೊಗಳಿಂದಾಗಿ ಬೆಂಗಳೂರಿನ ಸುತ್ತ ಆಗಲೇ ಬೆಳೆಯುತ್ತಿದ್ದ ಟೂಲ್‌ರೂಂ ಮತ್ತು ಟರ್ನರ್, ಫಿಟ್ಟರ್‌ಗಳ ಸಮುದಾಯ ಹತ್ತಿರದಲ್ಲೇ ಇತ್ತು.

1970ರ ದಶಕದ ಮೊದಲ ಭಾಗದಲ್ಲಿ ಜಾವಾ ಹೆಸರಿನ ಬದಲು ಯೆಜ್ಡಿ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. ಹೆಸರು, ಟ್ಯಾಂಕು, ಹ್ಯಾಂಡಲ್ಲು ಬದಲಾದರೂ 250 ಸಿಸಿ ಎಂಜಿನ್ನಿನ ಮೂಲ ವಿನ್ಯಾಸ ದಶಕಗಳ ಕಾಲ ಹೆಚ್ಚು ಬದಲಾಗಲಿಲ್ಲ. ಮಾರುಕಟ್ಟೆಯ ದೃಷ್ಟಿಯಿಂದ ಇದು ಹಿನ್ನಡೆ; ರಿಪೇರಿಯ ದೃಷ್ಟಿಯಿಂದ ಮಾತ್ರ ದೊಡ್ಡ ಅನುಕೂಲ. ಒಂದು ಕಾಲದ ಭಾಗ ಇನ್ನೊಂದು ಕಾಲದ ಬೈಕಿಗೆ ಒದಗುತ್ತಿತ್ತು, ಕಲಿತ ಮೆಕ್ಯಾನಿಕ್ ಮರು ತರಬೇತಿಯ ಅಗತ್ಯವಿಲ್ಲದೆ ಶಿಷ್ಯನಿಗೆ ಕಲಿಸುತ್ತಿದ್ದ. 100 ಸಿಸಿಯ ಜಪಾನಿ ಬೈಕುಗಳ ಮೈಲೇಜು ಮತ್ತು ಬಿಗಿಯಾದ ಹೊಗೆ ನಿಯಮಗಳ ಮುಂದೆ ಸೋತು 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಆದರೂ ಬೈಕುಗಳು ರಸ್ತೆಯಿಂದ ಮರೆಯಾಗಲಿಲ್ಲ. ಉಳಿದ ದಾಸ್ತಾನು, ಸಣ್ಣ ತಯಾರಕರ ಭಾಗಗಳು ಮತ್ತು ಹಳೆಯ ಗ್ಯಾರೇಜುಗಳು ಅವನ್ನು ಕಾಪಾಡಿದವು. ಬೆಂಗಳೂರು, ಮೈಸೂರುಗಳ ಸವಾರರ ಕ್ಲಬ್ಬುಗಳು ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನ ಆಚರಿಸುತ್ತ ಬಂದವು. 2018ರಲ್ಲಿ ಮಹೀಂದ್ರ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರಿನಲ್ಲಿ ಹೊಸ ಬೈಕು ತಂದಿತು. ಅದು ಫೋರ್ ಸ್ಟ್ರೋಕ್ ಎಂಜಿನ್ನಿನ, ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾಗುವ ಬೈಕು. ಹಳೆಯ ಎಂಜಿನ್ನಿಗೆ ಅದರ ಭಾಗಗಳು ಒದಗುವುದಿಲ್ಲ.

ಜಪಾನಿ ಸಹಯೋಗಗಳು

1980ರ ದಶಕದಲ್ಲಿ ಸರ್ಕಾರ ವಿದೇಶಿ ಸಹಯೋಗಕ್ಕೆ ಬಾಗಿಲು ತೆರೆಯಿತು. ಹೊಸೂರಿನಲ್ಲಿ ಟಿವಿಎಸ್ ಜೊತೆ ಸುಜುಕಿ, ಹೀರೊ ಜೊತೆ ಹೋಂಡಾ, ಬಜಾಜ್ ಜೊತೆ ಕವಾಸಾಕಿ, ಎಸ್ಕಾರ್ಟ್ಸ್ ಜೊತೆ ಯಮಹಾ ಬಂದವು. ಸಣ್ಣ ಎಂಜಿನ್, ಸರಳ ರಚನೆ, ದೊಡ್ಡ ಸಂಖ್ಯೆಯ ಮಾರಾಟ, ಊರೂರಿಗೆ ಸರ್ವಿಸ್ ಕೇಂದ್ರಗಳ ಸೂತ್ರ ಹಿಡಿದ ಇವು ಬೇಗ ನೆಲೆಯೂರಿದವು.

ಇದಕ್ಕೆ ಅಪವಾದವಾದದ್ದು 1983ರಲ್ಲಿ ಬಂದ ರಾಜದೂತ್ 350. ಯಮಹಾ ಆರ್‌ಡಿ350ರ ಈ ಭಾರತೀಯ ರೂಪಕ್ಕೆ ಎರಡು ಸಿಲಿಂಡರು, ಎರಡು ಕಾರ್ಬ್ಯುರೇಟರು, ಆರು ಗೇರು, ಆಯಿಲನ್ನು ತಾನೇ ಬೆರೆಸುವ ಪಂಪು ಇದ್ದವು. ಎರಡು ಕಾರ್ಬ್ಯುರೇಟರ್‌ಗಳನ್ನು ಸಮವಾಗಿ ಹೊಂದಿಸದಿದ್ದರೆ ಒಂದು ಸಿಲಿಂಡರು ಹೆಚ್ಚು ದುಡಿಯುತ್ತದೆ; ಪಂಪಿನ ಹೊಂದಾಣಿಕೆ ತಪ್ಪಿದರೆ ಪಿಸ್ಟನ್ ಜಾಮ್ ಆಗುತ್ತದೆ. ಒಂದೇ ಸಿಲಿಂಡರಿನ ಬೈಕುಗಳಿಗೆ ಒಗ್ಗಿದ್ದ ಗ್ಯಾರೇಜುಗಳಿಗೆ ಇದು ಬಿಡಿಸಲಾಗದ ಒಗಟಾಯಿತು. ಬಿಡಿಭಾಗ ದುಬಾರಿ, ಪೆಟ್ರೋಲ್ ಖರ್ಚೂ ಹೆಚ್ಚು. ಶಕ್ತಿ ತಗ್ಗಿಸಿದ ರೂಪವನ್ನು ಹೊರತಂದರೂ ಮಾರಾಟ ಚೇತರಿಸಲಿಲ್ಲ, ದಶಕ ಮುಗಿಯುವ ಹೊತ್ತಿಗೆ ತಯಾರಿಕೆ ನಿಂತಿತು. ಇಂದು ಅದೇ ಬೈಕಿಗೆ ಸಂಗ್ರಾಹಕರು ಮುಗಿಬೀಳುತ್ತಾರೆ. ಹೆಸರಾಂತ ಬೈಕೂ ಅದಕ್ಕೆ ತಕ್ಕ ಸೇವಾಜಾಲ ಇಲ್ಲದಿದ್ದರೆ ಸೋಲುತ್ತದೆ ಎಂಬುದಕ್ಕೆ ರಾಜದೂತ್ 350 ಸ್ಪಷ್ಟ ಉದಾಹರಣೆ.

ಮತ್ತೆ ತೆರೆದ ಬಂದರು

2001ರ ಏಪ್ರಿಲ್‌ನಲ್ಲಿ ಆಮದಿನ ಮೇಲಿದ್ದ ಪರಿಮಾಣದ ನಿರ್ಬಂಧಗಳು ತೆರವಾದವು. ಲೈಸೆನ್ಸಿನ ಜಾಗಕ್ಕೆ ಈಗ ಸುಂಕ ಮತ್ತು ತಾಂತ್ರಿಕ ನಿಯಮಗಳು ಬಂದವು. ಭಾರತದ ರಸ್ತೆಗಿಳಿಯುವ ವಾಹನದ ಮಾದರಿ ಪುಣೆಯ ಎಆರ್‌ಎಐಯಂಥ ಸಂಸ್ಥೆಯಲ್ಲಿ ಪರೀಕ್ಷೆಗೊಳಗಾಗಿ ಪ್ರಮಾಣಪತ್ರ ಪಡೆಯಬೇಕು. ವರ್ಷಕ್ಕೆ ಕೆಲವೇ ಡಜನ್ ಮಾರುವ ಮಾದರಿಗೆ ಈ ವೆಚ್ಚ ಹೊರೆ. ದೊಡ್ಡ ಬೈಕುಗಳಿಗೆ ಈ ದಾರಿ ಸಡಿಲವಾದದ್ದು 2007ರಲ್ಲಿ, ಅಮೆರಿಕದೊಂದಿಗಿನ ಮಾತುಕತೆಯ ಭಾಗವಾಗಿ: ಭಾರತದ ಮಾವಿಗೆ ಅಮೆರಿಕ ಬಾಗಿಲು ತೆರೆಯಿತು, 800 ಸಿಸಿ ಮೇಲಿನ ಬೈಕುಗಳಿಗೆ ಯುರೋಪಿನ ಹೊಗೆ ಮಾನದಂಡವನ್ನು ಒಪ್ಪಲು ಭಾರತ ಸಮ್ಮತಿಸಿತು. ಅದೇ ವರ್ಷದ ಕೊನೆಗೆ ಯಮಹಾ ತನ್ನ ಆರ್1 ಬೈಕನ್ನು ಇಲ್ಲಿ ಬಿಡುಗಡೆ ಮಾಡಿತು.

ಸುಂಕದ ಲೆಕ್ಕ ವಿತರಣೆಯ ರೂಪವನ್ನೂ ನಿರ್ಧರಿಸಿತು. ಪೂರ್ತಿ ಜೋಡಿಸಿ ತಂದ ಬೈಕಿಗೆ ಹೆಚ್ಚು, ಬಿಡಿ ಕಿಟ್ಟಿಗೆ ಕಡಿಮೆ ಸುಂಕ. 2018ರ ಫೆಬ್ರವರಿಯವರೆಗೆ 800 ಸಿಸಿ ಮೀರಿದ ಪೂರ್ತಿ ಬೈಕಿಗೆ ಶೇ 75, ಅದಕ್ಕಿಂತ ಚಿಕ್ಕದಕ್ಕೆ ಶೇ 60 ಇದ್ದ ಸುಂಕ ಆಗ ಎರಡಕ್ಕೂ ಶೇ 50 ಆಯಿತು. 2025ರ ಬಜೆಟ್ಟಿನಲ್ಲಿ 1,600 ಸಿಸಿವರೆಗಿನವಕ್ಕೆ ಶೇ 40, ಅದರ ಮೇಲಿನವಕ್ಕೆ ಶೇ 30, ಬಿಡಿ ಕಿಟ್ಟಿಗೆ ಶೇ 10 ಎಂದು ಇಳಿಯಿತು. ಕಿಟ್ ತಂದು ಜೋಡಿಸುವ ಘಟಕಗಳು ಹುಟ್ಟಿದ್ದು ಈ ವ್ಯತ್ಯಾಸದಿಂದ. ಆದರೆ ಜೋಡಣೆ ಘಟಕ ಇದ್ದ ಮಾತ್ರಕ್ಕೆ ಬಿಡಿಭಾಗ ಇಲ್ಲಿ ತಯಾರಾಗುತ್ತದೆ ಎಂದಲ್ಲ. ಸವೆದ ಬ್ರೇಕ್ ಪ್ಯಾಡು, ಮುರಿದ ಕನ್ನಡಿ, ಕೆಟ್ಟ ಸೆನ್ಸರು ಮತ್ತೆ ಕಡಲಾಚೆಯಿಂದಲೇ ಬರಬೇಕು. 2020ರ ಜೂನ್‌ನಲ್ಲಿ ಸರ್ಕಾರ ಹೊಸ ಟಯರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದಾಗ ಲೈಸೆನ್ಸಿನ ಕಾಲದ ತೊಡಕು ಮರಳಿತು: ದೊಡ್ಡ ಬೈಕುಗಳಿಗೆ ಒಗ್ಗುವ ಅಗಲವಾದ ಟಯರುಗಳಲ್ಲಿ ಹೆಚ್ಚಿನವು ಹೊರದೇಶದವು.

ವಿತರಕರ ಬದಲಾವಣೆ ಇನ್ನೊಂದು ಸಮಸ್ಯೆ. ಕೊರಿಯಾದ ಹ್ಯೋಸಂಗ್ ಬೈಕು ಭಾರತದಲ್ಲಿ ಕೈನೆಟಿಕ್, ಗರ್ವಾರೆ, ಡಿಎಸ್‌ಕೆ ಎಂದು ಮೂರು ಕೈ ದಾಟಿತು. ಇಟಲಿ ಮೂಲದ ಬೆನೆಲ್ಲಿಯನ್ನೂ ಡಿಎಸ್‌ಕೆ ಮಾರುತ್ತಿತ್ತು. ಆ ಸಮೂಹ ಆರ್ಥಿಕ ಸಂಕಷ್ಟಕ್ಕೆ ಸಿಲುಕಿದ ಮೇಲೆ 2018ರಲ್ಲಿ ಬೆನೆಲ್ಲಿ ಹೈದರಾಬಾದಿನ ಹೊಸ ಪಾಲುದಾರರನ್ನು ಹಿಡಿಯಿತು. ಡುಕಾಟಿ ಮೊದಲು ಒಬ್ಬ ವಿತರಕರ ಮೂಲಕ ಬಂದು, 2015ರಲ್ಲಿ ಸ್ವಂತ ಅಂಗಸಂಸ್ಥೆಯೊಂದಿಗೆ ಮರುಪ್ರವೇಶ ಮಾಡಿತು. ಇಂಥ ಪ್ರತಿ ಹಸ್ತಾಂತರದಲ್ಲೂ ಕೆಲವು ಪ್ರಶ್ನೆಗಳು ಏಳುತ್ತವೆ. ಹಳೆಯ ವಿತರಕರ ಗೋದಾಮಿನಲ್ಲಿರುವ ಭಾಗಗಳು ಯಾರವು? ಹಿಂದೆ ಮಾರಿದ ಬೈಕಿನ ವಾರಂಟಿ ಯಾರ ಮೇಲೆ? ಕಂಪನಿಯ ಖರ್ಚಿನಲ್ಲಿ ತರಬೇತಿ ಪಡೆದ ಮೆಕ್ಯಾನಿಕ್‌ಗಳು ಹೊಸ ಷೋರೂಮಿಗೆ ಬರುತ್ತಾರೆಯೇ? ಇಂದಿನ ಬೈಕುಗಳ ದೋಷ ಪತ್ತೆಗೆ ಕಂಪನಿಯ ಸಾಫ್ಟ್‌ವೇರ್ ಬೇಕು. ಅದು ಅಧಿಕೃತ ಡೀಲರ ಬಳಿ ಮಾತ್ರ ಇರುವುದರಿಂದ ಬೀದಿಯ ಗ್ಯಾರೇಜು ಮೊದಲಿನಂತೆ ಕೈಹಿಡಿಯಲಾರದು.

ಹಾರ್ಲೆಯ ಹಿಂತೆಗೆತ

ಈ ಎಲ್ಲ ತೊಡಕುಗಳು ಒಟ್ಟಿಗೆ ಕಾಣುವುದು ಹಾರ್ಲೆ-ಡೇವಿಡ್‌ಸನ್ ಪ್ರಸಂಗದಲ್ಲಿ. 2009ರಲ್ಲಿ ಭಾರತ ಪ್ರವೇಶವನ್ನು ಘೋಷಿಸಿದ ಕಂಪನಿ 2010ರಲ್ಲಿ ಹೈದರಾಬಾದಿನಲ್ಲಿ ಮೊದಲ ಡೀಲರ್‌ಷಿಪ್ ತೆರೆಯಿತು. 2011ರಲ್ಲಿ ಹರಿಯಾಣದ ಬಾವಲ್‌ನಲ್ಲಿ ಜೋಡಣೆ ಶುರು ಮಾಡಿತು. 2014ರಲ್ಲಿ ಕಡಿಮೆ ಬೆಲೆಯ ಸ್ಟ್ರೀಟ್ 750 ಅಲ್ಲಿಂದ ಹೊರಬಂತು. ಹಾರ್ಲೆಯ ದೊಡ್ಡ ಬೈಕುಗಳಲ್ಲಿ ಇಂದಿಗೂ ಇಂಚಿನ ಬೋಲ್ಟುಗಳೇ ಹೆಚ್ಚು. ಹೆಚ್ಚಾಗಿ ಮಿಲಿಮೀಟರ್ ಪಾನಾಗೆ ಒಗ್ಗಿದ್ದ ಕಸುಬಿನಲ್ಲಿ ಇಂಚಿನ ಸೆಟ್ಟು ಮತ್ತೆ ಬೇಕಾಯಿತು.

ಮಾರಾಟ ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕಂಪನಿ ಭಾರತದಲ್ಲಿ ತನ್ನ ತಯಾರಿಕೆ ಮತ್ತು ಮಾರಾಟವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ದೊಡ್ಡ ಬಂಡವಾಳ ಹೂಡಿ ಷೋರೂಮು ಕಟ್ಟಿದ ಡೀಲರುಗಳು ಪರಿಹಾರದ ಪ್ರಶ್ನೆ ಎತ್ತಿದರು. ಬೈಕು ಕೊಂಡವರಿಗೆ ವಾರಂಟಿ ಮತ್ತು ಬಿಡಿಭಾಗದ ಚಿಂತೆ ಹತ್ತಿತು. ಮುಂದಿನ ತಿಂಗಳೇ ಹೀರೊ ಮೋಟೊಕಾರ್ಪ್ ಜೊತೆ ಒಪ್ಪಂದವಾಗಿ ವಿತರಣೆ, ಸರ್ವಿಸ್, ಬಿಡಿಭಾಗಗಳ ಹೊಣೆ ಹೀರೊಗೆ ಹೋಯಿತು. 2023ರಲ್ಲಿ ಇದೇ ಒಪ್ಪಂದದಿಂದ ಹೀರೊ ತಯಾರಿಸುವ ಎಕ್ಸ್440 ಬಂತು.

ಎರವಲು ಜಾಲ

ಬೇರೆ ಕಂಪನಿಗಳೂ ಇದೇ ದಾರಿಗೆ ಬಂದಿವೆ. ಬಿಎಂಡಬ್ಲ್ಯುವಿನ 310 ಸರಣಿ ಹೊಸೂರಿನಲ್ಲಿ ಟಿವಿಎಸ್ ಕೈಯಲ್ಲಿ ತಯಾರಾಗುತ್ತ ಬಂದಿದೆ. 2013ರಲ್ಲಿ ಸ್ವಂತವಾಗಿ ಬಂದ ಟ್ರಯಂಫ್ 2020ರಲ್ಲಿ ಬಜಾಜ್ ಜೊತೆ ಕರಾರು ಮಾಡಿಕೊಂಡಿತು. 2023ರ ಸ್ಪೀಡ್ 400 ಅದರ ಫಲ. ಆಸ್ಟ್ರಿಯಾದ ಕೆಟಿಎಂನಲ್ಲಿ ಬಜಾಜ್ 2007ರಲ್ಲೇ ಪಾಲು ಕೊಂಡಿತ್ತು, 2012ರಿಂದ ಪುಣೆ ಬಳಿಯ ಚಾಕಣದಲ್ಲಿ ತಯಾರಾದ ಡ್ಯೂಕ್ 200 ಇಲ್ಲಿ ಮಾರಾಟವಾಗತೊಡಗಿತು. 2024ರ ನವೆಂಬರ್‌ನಲ್ಲಿ ಆಸ್ಟ್ರಿಯಾದ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದಾಗಲೂ ಚಾಕಣದ ತಯಾರಿಕೆ ನಿಲ್ಲಲಿಲ್ಲ.

ರಿಪೇರಿಯ ಹಕ್ಕಿನ ಪ್ರಶ್ನೆಯೂ ಈಗ ಸರ್ಕಾರದ ಮಟ್ಟಕ್ಕೆ ಬಂದಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ಆರಂಭಿಸಿದ ರಿಪೇರಿ ಹಕ್ಕಿನ ಪೋರ್ಟಲ್ ವಾಹನ ಕಂಪನಿಗಳನ್ನೂ ಒಳಗೊಂಡು, ಬಿಡಿಭಾಗ, ವಾರಂಟಿ, ಸರ್ವಿಸ್ ಮಾಹಿತಿಯನ್ನು ಒಂದೆಡೆ ಕೊಡಲು ಉದ್ದೇಶಿಸಿದೆ.

ರೆಡಿಚ್ ಮುಚ್ಚಿದರೂ ಬುಲೆಟ್ ಉಳಿಯಿತು, ಐಡಿಯಲ್ ಜಾವಾ ಮುಚ್ಚಿದರೂ ಯೆಜ್ಡಿ ಓಡಿತು, ಆಸ್ಟ್ರಿಯಾ ತತ್ತರಿಸಿದರೂ ಚಾಕಣ ನಡೆಯಿತು. ಈ ಮೂರಕ್ಕೂ ಕಾರಣ ಒಂದೇ: ತಯಾರಿಕೆ ಮತ್ತು ಬಿಡಿಭಾಗದ ಮೂಲ ಆಗಲೇ ಭಾರತದೊಳಗಿತ್ತು. ಕೇವಲ ಹಡಗು ಮತ್ತು ಏಜೆನ್ಸಿಯನ್ನು ನಂಬಿದ ಬ್ರ್ಯಾಂಡ್‌ಗಳಲ್ಲಿ ಮೂಲ ಕಂಪನಿಯ ನಿರ್ಧಾರವೋ ವಿತರಕರ ಕುಸಿತವೋ ನೇರವಾಗಿ ಸವಾರನ ಮೇಲೆ ಬಿತ್ತು. ಇಂದು ದೊಡ್ಡ ವಿದೇಶಿ ಕಂಪನಿಗಳು ಭಾರತೀಯ ಪಾಲುದಾರರ ಜಾಲವನ್ನು ಎರವಲು ಪಡೆಯುತ್ತಿರುವುದು 1955ರಲ್ಲಿ ಮದ್ರಾಸಿನಲ್ಲೂ 1960ರ ದಶಕದಲ್ಲಿ ಮೈಸೂರಿನಲ್ಲೂ ಒಪ್ಪಿಕೊಂಡ ಸೂತ್ರದ ಮುಂದುವರಿಕೆ. ಆಗ ಆ ಸೂತ್ರವನ್ನು ಹೇರಿದ್ದು ಸರ್ಕಾರದ ಲೈಸೆನ್ಸು, ಈಗ ಹೇರುತ್ತಿರುವುದು ಮಾರುಕಟ್ಟೆಯ ಲೆಕ್ಕಾಚಾರ.